ಕರುಳಿನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ‘ಇನ್ನೆಷ್ಟು ವರ್ಷ?’: ಬಯಾಪ್ಸಿ ರಿಪೋರ್ಟ್ ಏನು ಹೇಳುತ್ತೆ, ಏನು ಹೇಳಲ್ಲ

ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮುಗಿಸಿ ಡಾಕ್ಟರು ಹೊರಗೆ ಬಂದ ತಕ್ಷಣ ಮನೆಯವರು ಕೇಳುವ ಮೊದಲ ಮಾತು, ‘ಎಲ್ಲಾ ತೆಗೆದ್ರಾ ಸಾರ್?’ ಎರಡನೇ ಮಾತು ಅಲ್ಲಿ ಬಾಯಿಗೆ ಬರಲ್ಲ. ಊರಿಗೆ ಬಂದ ಮೇಲೆ, ರೋಗಿ ಮಲಗಿದ ನಂತರ ಬರುತ್ತೆ: ‘ಇನ್ನೆಷ್ಟು ವರ್ಷ?’

ಮೊದಲನೆಯದಕ್ಕೆ ಡಾಕ್ಟರು ಅಲ್ಲೇ ಉತ್ತರ ಕೊಡುತ್ತಾರೆ: ‘ಕಣ್ಣಿಗೆ ಕಂಡಿದ್ದನ್ನೆಲ್ಲಾ ತೆಗೆದಿದ್ದೇವೆ.’ ಎರಡನೆಯದಕ್ಕೆ ಉತ್ತರ ಆ ದಿನ ಯಾರ ಹತ್ತಿರವೂ ಇರಲ್ಲ. ತೆಗೆದ ಕರುಳಿನ ತುಂಡು ಲ್ಯಾಬಿಗೆ ಹೋಗಿ, ಕೆಲವು ದಿನಗಳ ನಂತರ ಬರುವ ಬಯಾಪ್ಸಿ ರಿಪೋರ್ಟ್‌ನಲ್ಲಿ ಅದರ ದೊಡ್ಡ ಭಾಗ ಇರುತ್ತೆ.

ಈ ರಿಪೋರ್ಟ್ ವಿಷಯದಲ್ಲಿ ಎರಡು ತಪ್ಪು ಆಗುತ್ತವೆ. ಕೆಲವರು ‘ಆಪರೇಷನ್ ಆಯ್ತಲ್ಲ, ಹುಷಾರಾದ್ರು’ ಅಂತ ರಿಪೋರ್ಟ್ ತರಲಿಕ್ಕೇ ಹೋಗಲ್ಲ. ಇನ್ನು ಕೆಲವರು ಅದರಲ್ಲಿ ‘ಮೂರನೇ ಹಂತ’ ಅಂತ ಇರುವುದನ್ನು ಓದಿಸಿಕೊಂಡು ‘ಇನ್ನೇನು, ಮುಗೀತು’ ಅಂತ ಕೈಚೆಲ್ಲಿ ಕೂರುತ್ತಾರೆ. ಕಾರಣ ಬೇರೆ ಬೇರೆ, ನಷ್ಟ ಒಂದೇ: ಆ ಹೊತ್ತಿಗೆ ಶುರು ಮಾಡಬೇಕಿದ್ದ ಚಿಕಿತ್ಸೆ ತಪ್ಪಿಹೋಗುತ್ತೆ. ಭವಿಷ್ಯದ ಈ ಲೆಕ್ಕವನ್ನು ಡಾಕ್ಟರು ಹಾಕುವುದು ರೋಗಿಯ ದಿನ ಎಣಿಸಲಿಕ್ಕಲ್ಲ. ಮುಂದೆ ಏನು ಮಾಡಬೇಕು ಅಂತ ತೀರ್ಮಾನಿಸಲಿಕ್ಕೆ.

(ಇಲ್ಲಿರುವುದು ದೊಡ್ಡ ಕರುಳಿನ, ಅಂದರೆ ಕೊಲೊನ್ ಭಾಗದ ಕ್ಯಾನ್ಸರ್ ವಿಷಯ. ಅದರ ಕೊನೆಯ ಭಾಗವಾದ ಗುದನಾಳದ ಕ್ಯಾನ್ಸರ್‌ಗೆ ಹಂತಗಳ ಹೆಸರು ಒಂದೇ ಆದರೂ, ರೇಡಿಯೇಷನ್ ಸೇರಿ ಚಿಕಿತ್ಸೆಯ ಕ್ರಮ ಬೇರೆ.)

ಶೇಕಡಾ ಲೆಕ್ಕ ಅಂದ್ರೆ ಏನು?

‘ಐದು ವರ್ಷದ ಬದುಕುಳಿಯುವಿಕೆ ಶೇ. 85’ ಅಂದಾಗ ‘ಐದೇ ವರ್ಷ ಬದುಕೋದು’ ಅಂತ ತಿಳಿದು ಹೆದರುವವರಿದ್ದಾರೆ. ಅದು ಹಾಗಲ್ಲ. ಇದೇ ಹಂತದಲ್ಲಿ ಆಪರೇಷನ್ ಆದ 100 ಜನರನ್ನು ಐದು ವರ್ಷ ನೋಡಿದಾಗ 85 ಜನ ಇದ್ದರು ಅಂತ ಅರ್ಥ. ಅವರಲ್ಲಿ ಬಹಳ ಜನ ಆಮೇಲೂ ಎಷ್ಟೋ ವರ್ಷ ಬದುಕುತ್ತಾರೆ. ಐದು ವರ್ಷ ಅನ್ನೋದು ಅಳತೆಯ ಗುರುತು ಅಷ್ಟೇ, ಆಯಸ್ಸಿನ ಗಡುವಲ್ಲ.

ಬಿತ್ತನೆ ಬೀಜದ ಪ್ಯಾಕೆಟ್ ಮೇಲೆ ಮೊಳಕೆ ಪ್ರಮಾಣ ಶೇ. 85 ಅಂತ ಬರೆದಿರುತ್ತಾರೆ. ಅದು ಪೂರ್ತಿ ಪ್ಯಾಕೆಟ್‌ನ ಲೆಕ್ಕ. ಕೈಯಲ್ಲಿರುವ ಒಂದು ಕಾಳು ಮೊಳೆಯುತ್ತಾ ಇಲ್ವಾ ಅಂತ ಅದು ಹೇಳಲ್ಲ. ಮೊಳೆತ ಮೇಲೂ ನೆಲ, ನೀರು, ಕಳೆ ಕೀಳುವುದು ಎಲ್ಲಾ ಲೆಕ್ಕಕ್ಕೆ ಬರುತ್ತೆ. ಕ್ಯಾನ್ಸರ್ ಲೆಕ್ಕವೂ ಹಾಗೇ. ಒಳ್ಳೆಯ ಡಾಕ್ಟರು ‘ನಿಮಗೆ ಇಷ್ಟು ವರ್ಷ’ ಅನ್ನಲ್ಲ. ‘ನಿಮ್ಮಂಥ ನೂರು ಜನರಲ್ಲಿ ಇಷ್ಟು ಜನಕ್ಕೆ ಮತ್ತೆ ಬರಲಿಲ್ಲ’ ಅನ್ನುತ್ತಾರೆ.

ಈ ಲೆಕ್ಕ ಶುರುವಾಗಿದ್ದು ಎಲ್ಲಿ?

ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯಲ್ಲಿ ಕತ್ಬರ್ಟ್ ಡ್ಯೂಕ್ಸ್ ಅನ್ನುವ ರೋಗಶಾಸ್ತ್ರಜ್ಞರಿದ್ದರು. ಆಪರೇಷನ್‌ನಲ್ಲಿ ತೆಗೆದ ಭಾಗಗಳನ್ನು ಪರೀಕ್ಷಿಸಿ, ರೋಗಿಗಳು ಮುಂದೆ ಏನಾದರು ಅಂತ ಹೋಲಿಸಿ, 1932ರಲ್ಲಿ ಗುದನಾಳದ ಕ್ಯಾನ್ಸರ್‌ಗೆ ಎ, ಬಿ, ಸಿ ಅಂತ ಮೂರು ಗುಂಪು ಮಾಡಿದರು. ಕರುಳಿನ ಗೋಡೆಯೊಳಗೇ ಇದ್ದರೆ ಎ, ಗೋಡೆ ದಾಟಿದ್ದರೆ ಬಿ, ಪಕ್ಕದ ಲಿಂಫ್ ಗ್ರಂಥಿಗಳಿಗೆ ಸೇರಿದ್ದರೆ ಸಿ. ಗಡ್ಡೆಯ ಗಾತ್ರಕ್ಕಿಂತ ಅದು ಎಷ್ಟು ಆಳಕ್ಕೆ ಇಳಿದಿದೆ, ಎಲ್ಲಿಗೆ ಹೊರಟಿದೆ ಅನ್ನುವುದೇ ಮುಖ್ಯ ಅನ್ನುವ ಅವರ ಮಾತು ಇವತ್ತಿಗೂ ನಿಂತಿದೆ.

ಫ್ರಾನ್ಸಿನ ಪಿಯೆರ್ ಡೆನ್ವಾ 1940ರ ದಶಕದಲ್ಲಿ ರೂಪಿಸಲು ತೊಡಗಿದ ‘ಟಿ-ಎನ್-ಎಂ’ ಪದ್ಧತಿಯೇ ಈಗ ಎಲ್ಲ ಕಡೆ ಇದೆ. ನಮ್ಮ ಜಿಲ್ಲೆಯ ರೋಗಿಯ ರಿಪೋರ್ಟ್‌ನಲ್ಲೂ ಇರುವುದು ಅದೇ ಅಕ್ಷರಗಳು.

ರಿಪೋರ್ಟ್‌ನ ಮೂರು ಅಕ್ಷರ

ಟಿ ಅಂದರೆ ಗಡ್ಡೆ ಕರುಳಿನ ಗೋಡೆಯಲ್ಲಿ ಎಷ್ಟು ಆಳ ಹೋಗಿದೆ ಅನ್ನುವುದು. ಟಿ1 ಒಳಪದರದ ಹತ್ತಿರವೇ ಇದೆ. ಟಿ2 ಸ್ನಾಯು ಪದರದವರೆಗೆ ಬಂದಿದೆ. ಟಿ3 ಸ್ನಾಯು ದಾಟಿ ಹೊರಗಿನ ಕೊಬ್ಬಿಗೆ ಬಂದಿದೆ. ಟಿ4 ಹೊರಪೊರೆಯನ್ನೂ ತೂರಿದೆ ಅಥವಾ ಪಕ್ಕದ ಅಂಗಕ್ಕೆ ಅಂಟಿಕೊಂಡು ಒಳಹೊಕ್ಕಿದೆ.

ಎನ್ ಅಂದರೆ ಎಷ್ಟು ಲಿಂಫ್ ಗ್ರಂಥಿಯಲ್ಲಿ ಕ್ಯಾನ್ಸರ್ ಸಿಕ್ಕಿದೆ ಅನ್ನುವುದು. ಎನ್0 ಅಂದರೆ ಒಂದರಲ್ಲೂ ಇಲ್ಲ, ಎನ್1 ಅಂದರೆ ಒಂದರಿಂದ ಮೂರು, ಎನ್2 ಅಂದರೆ ನಾಲ್ಕು ಅಥವಾ ಹೆಚ್ಚು.

ಎಂ ಅಂದರೆ ಲಿವರ್, ಶ್ವಾಸಕೋಶದಂಥ ದೂರದ ಜಾಗಕ್ಕೆ ಹೋಗಿದೆಯಾ ಅನ್ನುವುದು. ಇದು ಹೆಚ್ಚಾಗಿ ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತೆ.

ಇವು ಮೂರನ್ನು ಸೇರಿಸಿದರೆ ಹಂತ ಸಿಗುತ್ತೆ. ಟಿ1 ಅಥವಾ ಟಿ2 ಇದ್ದು ಗ್ರಂಥಿ ಶುದ್ಧವಾಗಿದ್ದರೆ ಮೊದಲ ಹಂತ. ಟಿ3 ಅಥವಾ ಟಿ4 ಇದ್ದು ಗ್ರಂಥಿ ಶುದ್ಧವಾಗಿದ್ದರೆ ಎರಡನೇ ಹಂತ. ಗ್ರಂಥಿಗೆ ತಗುಲಿದ್ದರೆ ಮೂರನೇ ಹಂತ. ದೂರಕ್ಕೆ ಹರಡಿದ್ದರೆ ನಾಲ್ಕನೇ ಹಂತ.

ಅಂಕಿಗಳು ಏನು ಹೇಳುತ್ತವೆ?

ಅಮೆರಿಕದ ಸರ್ಕಾರಿ ಕ್ಯಾನ್ಸರ್ ನೋಂದಣಿಯಲ್ಲಿದ್ದ 1,19,363 ಕೊಲೊನ್ ಕ್ಯಾನ್ಸರ್ ರೋಗಿಗಳ ದಾಖಲೆ ನೋಡಿ 2004ರಲ್ಲಿ ಒಂದು ದೊಡ್ಡ ಲೆಕ್ಕ ಪ್ರಕಟವಾಯಿತು. 1991ರಿಂದ 2000ದವರೆಗೆ ರೋಗ ಪತ್ತೆಯಾದವರು ಇವರು. ಐದು ವರ್ಷದೊಳಗೆ ಈ ಕ್ಯಾನ್ಸರ್‌ನಿಂದ ಸಾಯದೆ ಉಳಿದವರು ಹೀಗಿದ್ದರು:

ಮೊದಲ ಹಂತ: ಶೇ. 93.2
ಎರಡನೇ ಹಂತ, ಟಿ3: ಶೇ. 84.7
ಎರಡನೇ ಹಂತ, ಟಿ4: ಶೇ. 72.2
ಮೂರನೇ ಹಂತ, ಟಿ1–2, ಒಂದರಿಂದ ಮೂರು ಗ್ರಂಥಿ: ಶೇ. 83.4
ಮೂರನೇ ಹಂತ, ಟಿ3–4, ಒಂದರಿಂದ ಮೂರು ಗ್ರಂಥಿ: ಶೇ. 64.1
ಮೂರನೇ ಹಂತ, ನಾಲ್ಕು ಅಥವಾ ಹೆಚ್ಚು ಗ್ರಂಥಿ: ಶೇ. 44.3
ನಾಲ್ಕನೇ ಹಂತ: ಶೇ. 8.1

ಈ ಪಟ್ಟಿಯಲ್ಲಿ ಒಂದು ವಿಚಿತ್ರ ಇದೆ. ಮೂರನೇ ಹಂತದ ಮೊದಲ ಗುಂಪಿನವರು (83.4) ಎರಡನೇ ಹಂತದ ಟಿ4 ಗುಂಪಿಗಿಂತ (72.2) ಚೆನ್ನಾಗಿದ್ದರು. ಗೋಡೆಯಲ್ಲಿ ಆಳಕ್ಕೆ ಇಳಿಯದ ಗಡ್ಡೆ ಅನ್ನುವುದು ಒಂದು ಕಾರಣ. ಮೂರನೇ ಹಂತದವರಿಗೆ ಕಿಮೋ ಹೆಚ್ಚಾಗಿ ಸಿಕ್ಕಿದ್ದೂ ಇನ್ನೊಂದು ಕಾರಣ ಇರಬಹುದು ಅಂತ ಸಂಶೋಧಕರು ಹೇಳಿದ್ದರು. ಹಾಗಾಗಿ ‘ಎರಡನೇ ಹಂತ, ಬಚಾವ್’ ಅಂತಲೂ ‘ಮೂರನೇ ಹಂತ, ಮುಗೀತು’ ಅಂತಲೂ ಅಂಕೆ ಒಂದನ್ನೇ ನೋಡಿ ಹೇಳುವಂತಿಲ್ಲ.

ಇನ್ನೊಂದು ಎಚ್ಚರ. ಐದು ವರ್ಷದ ಲೆಕ್ಕ ಬರಬೇಕಾದರೆ ಐದು ವರ್ಷ ಕಾಯಲೇಬೇಕು. ಅಂದರೆ ಯಾವ ಅಂಕಿ ನೋಡಿದರೂ ಅದು ಹಳೇ ಚಿಕಿತ್ಸೆಯ ಫಲ. ಮೇಲಿನ ಪಟ್ಟಿ ಈಗ ಬಳಸುವ ಹಲವು ಔಷಧಿಗಳು ಬರುವ ಮೊದಲಿನದು. ಅದೂ ಅಮೆರಿಕದ್ದು. ನಮ್ಮ ಕಡೆ ಚಿಕಿತ್ಸೆ ಪೂರ್ತಿಯಾಗಿ ಸಿಕ್ಕಿತಾ, ಮಧ್ಯದಲ್ಲಿ ನಿಂತಿತಾ ಅನ್ನುವುದರ ಮೇಲೆ ಫಲ ಬದಲಾಗುತ್ತೆ.

12 ಗ್ರಂಥಿ ಎಣಿಸಿದ್ದಾರಾ?

ರಿಪೋರ್ಟ್‌ನಲ್ಲಿ ‘2/16’ ಥರ ಒಂದು ಬರಹ ಇರುತ್ತೆ. 16 ಗ್ರಂಥಿ ಪರೀಕ್ಷೆ ಮಾಡಿದ್ದಾರೆ, ಎರಡರಲ್ಲಿ ಕ್ಯಾನ್ಸರ್ ಸಿಕ್ಕಿದೆ ಅಂತ ಅರ್ಥ. ಕೆಳಗಿನ ಅಂಕೆಯನ್ನು ಬಹಳ ಜನ ಗಮನಿಸಲ್ಲ. ಅದು ಕನಿಷ್ಠ 12 ಇರಬೇಕು ಅನ್ನುವುದು ಜಗತ್ತಿನಾದ್ಯಂತ ಒಪ್ಪಿದ ಮಾನದಂಡ.

ಕಾರಣ ಸರಳ. ಮೂಟೆಯಿಂದ ನಾಲ್ಕು ಕಾಳು ತೆಗೆದು ನೋಡಿ ‘ಹುಳ ಇಲ್ಲ’ ಅನ್ನುವುದಕ್ಕೂ ನಾಲ್ಕು ಕಡೆ ಬಂಬು ಹಾಕಿ ನೋಡುವುದಕ್ಕೂ ವ್ಯತ್ಯಾಸ ಇದೆ. ‘0/5’ ಅಂತ ಇದ್ದರೆ ಗ್ರಂಥಿ ಶುದ್ಧ ಅನ್ನುವ ಮಾತಿಗೆ ಬಲ ಕಡಿಮೆ. ಅಂಥ ಕಡೆ ಎರಡನೇ ಹಂತವಾದರೂ ಕಿಮೋ ಕೊಡುವ ಬಗ್ಗೆ ಡಾಕ್ಟರು ಯೋಚಿಸುತ್ತಾರೆ. ಲ್ಯಾಬ್‌ನಲ್ಲಿ ಉಳಿದಿರುವ ಭಾಗದಲ್ಲಿ ಇನ್ನಷ್ಟು ಗ್ರಂಥಿ ಹುಡುಕಿ ಅಂತ ಕೇಳುವುದೂ ಉಂಟು. ಇದನ್ನು ಮನೆಯವರು ಕೇಳಿದರೆ ತಪ್ಪೇನಿಲ್ಲ.

ಹಂತದ ಹೊರಗಿನ ಸುಳಿವುಗಳು

ಒಂದೇ ಹಂತದ ಇಬ್ಬರಿಗೆ ಫಲ ಬೇರೆ ಆಗುವುದು ಯಾಕೆ ಅನ್ನುವುದಕ್ಕೆ ರಿಪೋರ್ಟ್‌ನ ಉಳಿದ ಸಾಲುಗಳು ಉತ್ತರ ಕೊಡುತ್ತವೆ.

ಸೂಕ್ಷ್ಮ ರಕ್ತನಾಳ, ಲಿಂಫ್ ನಾಳ ಅಥವಾ ನರದ ಸುತ್ತ ಕ್ಯಾನ್ಸರ್ ಕೋಶ ಕಂಡಿದೆಯಾ? ಕಂಡಿದ್ದರೆ ಅಪಾಯ ಹೆಚ್ಚು. ಕೋಶಗಳು ಮೂಲ ಕರುಳಿನ ಕೋಶಕ್ಕಿಂತ ಬಹಳ ಕೆಟ್ಟಿವೆ ಅಂತ ‘ಗ್ರೇಡ್’ ಹೇಳಿದರೂ ಹಾಗೇ. ಕತ್ತರಿಸಿದ ಅಂಚಿನಲ್ಲಿ ಕ್ಯಾನ್ಸರ್ ಉಳಿದಿದೆಯಾ ಅನ್ನುವುದು ಬಹಳ ಮುಖ್ಯ.

ಆಪರೇಷನ್ ಹೇಗೆ ಆಯಿತು ಅನ್ನುವುದೂ ಲೆಕ್ಕಕ್ಕೆ ಬರುತ್ತೆ. ಕರುಳು ಕಟ್ಟಿಕೊಂಡು ಹೊಟ್ಟೆ ಉಬ್ಬಿ, ಅಥವಾ ಕರುಳು ತೂತಾಗಿ ರಾತ್ರೋರಾತ್ರಿ ಆಪರೇಷನ್ ಆದವರಲ್ಲಿ ಮತ್ತೆ ಬರುವ ಅಪಾಯ ಹೆಚ್ಚು. ಮಲದಲ್ಲಿ ರಕ್ತ ಕಂಡಾಗ ‘ಮೂಲವ್ಯಾಧಿ ಇರಬೇಕು’ ಅಂತ ತಿಂಗಳುಗಟ್ಟಲೆ ಮಾತ್ರೆ ತಗೊಂಡವರು ಕೊನೆಗೆ ಹೀಗೆ ಬರುತ್ತಾರೆ.

ದೊಡ್ಡ ಹೊಲಿಗೆಯ ಆಪರೇಷನ್ ಒಳ್ಳೆಯದಾ, ಸಣ್ಣ ತೂತಿನ ಲ್ಯಾಪರೋಸ್ಕೋಪಿ ಒಳ್ಳೆಯದಾ ಅನ್ನುವ ವಾದ ಬಹಳ ಕಾಲ ಇತ್ತು. 872 ರೋಗಿಗಳ ಅಮೆರಿಕದ ಅಧ್ಯಯನ 2004ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು: ಪಳಗಿದ ಕೈಯಲ್ಲಿ ಎರಡರಲ್ಲೂ ಕ್ಯಾನ್ಸರ್ ಮತ್ತೆ ಬರುವ ಪ್ರಮಾಣ ಹೆಚ್ಚುಕಡಿಮೆ ಒಂದೇ. ‘ಕತ್ತಿ ತಾಗಿದ್ರೆ ಕ್ಯಾನ್ಸರ್ ಹರಡುತ್ತೆ’ ಅನ್ನುವ ಊರ ಮಾತಿಗೂ ಆಧಾರ ಇಲ್ಲ. ಈ ರೋಗ ವಾಸಿಯಾಗುವ ಮುಖ್ಯ ದಾರಿಯೇ ಆಪರೇಷನ್.

ರಕ್ತದಲ್ಲಿ ನೋಡುವ ಸಿಇಎ ಇನ್ನೊಂದು ಸುಳಿವು. 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಇದನ್ನು ಕಂಡುಹಿಡಿದರು. ಸಾಮಾನ್ಯವಾಗಿ ಒಂದು ಮಿಲಿಲೀಟರ್ ರಕ್ತದಲ್ಲಿ 5 ನ್ಯಾನೋಗ್ರಾಂ ಒಳಗಿರಬೇಕು. ಆಪರೇಷನ್ ಮೊದಲು ಹೆಚ್ಚಿದ್ದು, ಆದ ಒಂದೂವರೆ ತಿಂಗಳಲ್ಲೂ ಇಳಿಯದಿದ್ದರೆ ಎಲ್ಲೋ ಉಳಿದಿರಬಹುದು ಅಂತ ಹುಡುಕುತ್ತಾರೆ. ಬೀಡಿ, ಸಿಗರೇಟು ಸೇದುವವರಲ್ಲಿ, ಲಿವರ್ ತೊಂದರೆ ಇರುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಸ್ವಲ್ಪ ಏರಬಹುದು. ಒಂದು ಸಲ ಏರಿತು ಅಂತ ಗಾಬರಿಯಾಗದೆ ಮತ್ತೊಮ್ಮೆ ಮಾಡಿಸಿ ನೋಡುವುದು ಕ್ರಮ.

ಕೊನೆಯದು ಎಂಎಸ್‌ಐ ಪರೀಕ್ಷೆ. ಕೋಶದ ಡಿಎನ್‌ಎಯಲ್ಲಿ ಆಗುವ ತಪ್ಪನ್ನು ತಿದ್ದುವ ವ್ಯವಸ್ಥೆಯೇ ಕೆಟ್ಟಿದೆಯಾ ಅಂತ ಇದು ನೋಡುತ್ತೆ. ಕರುಳಿನ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 15ರಲ್ಲಿ ಕೆಟ್ಟಿರುತ್ತೆ. ಕೇಳಲಿಕ್ಕೆ ಕೆಟ್ಟ ಸುದ್ದಿಯಂತಿದ್ದರೂ, ಎರಡನೇ ಹಂತದಲ್ಲಿ ಇದು ಒಳ್ಳೆಯ ಸುದ್ದಿ: ಅಂಥವರಿಗೆ ಮತ್ತೆ ಬರುವುದು ಕಡಿಮೆ. 5-ಎಫ್‌ಯು ಒಂದನ್ನೇ ಕೊಡುವ ಹಳೇ ಕಿಮೋದಿಂದ ಅವರಿಗೆ ಲಾಭವೂ ಇಲ್ಲ. ಒಂದು ಪರೀಕ್ಷೆ ಮಾಡಿಸಿದ್ದರಿಂದ ಆರು ತಿಂಗಳ ಕಿಮೋ ಉಳಿಯುವುದೂ ಉಂಟು.

ಒಂದು ಉದಾಹರಣೆ

ಕಿರಾಣಿ ಅಂಗಡಿ ನಡೆಸುವ 55 ವರ್ಷದ ಒಬ್ಬರು ಅಂತ ಇಟ್ಟುಕೊಳ್ಳಿ. ರಿಪೋರ್ಟ್: ಟಿ3, ಎನ್1, 2/16, ಅಂಚು ಶುದ್ಧ, ನರದ ಸುತ್ತ ಇಲ್ಲ, ಸ್ಕ್ಯಾನ್‌ನಲ್ಲಿ ಲಿವರ್, ಶ್ವಾಸಕೋಶ ಚೆನ್ನಾಗಿವೆ. ಇದು ಮೂರನೇ ಹಂತ. ಮೇಲಿನ ಹಳೇ ಪಟ್ಟಿಯಲ್ಲಿ ಹುಡುಕಿದರೆ ಸಿಗುವ ಅಂಕೆ 64.

ಆದರೆ ಇವರ ಲೆಕ್ಕ ಅಲ್ಲಿಗೆ ನಿಲ್ಲಲ್ಲ. 16 ಗ್ರಂಥಿ ನೋಡಿದ್ದಾರೆ, ಅಂದರೆ ಹಂತದ ಲೆಕ್ಕ ನಂಬಬಹುದು. ಬೇರೆ ಅಪಾಯದ ಗುರುತು ಇಲ್ಲ. ಓಡಾಡುತ್ತಾರೆ, ಊಟ ಸೇರುತ್ತೆ, ಶುಗರ್ ಹತೋಟಿಯಲ್ಲಿದೆ, ಅಂದರೆ ಪೂರ್ತಿ ಕಿಮೋ ತಡೆದುಕೊಳ್ಳುವ ದೇಹ. ವಯಸ್ಸು ಒಂದನ್ನೇ ಡಾಕ್ಟರು ನೋಡಲ್ಲ. ರಕ್ತ ಎಷ್ಟಿದೆ, ಪ್ರೋಟೀನ್ ಎಷ್ಟಿದೆ, ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾರಾ ಅನ್ನುವುದನ್ನೂ ನೋಡುತ್ತಾರೆ. ಇಷ್ಟೆಲ್ಲಾ ಇದ್ದು ಇವರು ಕಿಮೋಗೆ ಹೋದರೆ ಒಂದು ಲೆಕ್ಕ, ಹೋಗದಿದ್ದರೆ ಇನ್ನೊಂದು.

ಲೆಕ್ಕವನ್ನೇ ಬದಲಿಸುವ ಕಿಮೋ

ಎಲ್ಲಾ ತೆಗೆದ ಮೇಲೆ ಕಿಮೋ ಯಾಕೆ ಅನ್ನುವ ಪ್ರಶ್ನೆ ಸಹಜ. ಸ್ಕ್ಯಾನ್‌ಗೂ ಕಾಣದಷ್ಟು ಸಣ್ಣ ಕೋಶಗಳು ರಕ್ತದಲ್ಲಿ ಹೋಗಿ ಎಲ್ಲೋ ಕೂತಿರಬಹುದು. ಅವು ಬೇರು ಬಿಡುವ ಮೊದಲೇ ಸಾಯಿಸುವುದು ಇದರ ಕೆಲಸ.

ಅಮೆರಿಕದ ಚಾರ್ಲ್ಸ್ ಮೊರ್ಟೆಲ್ ಮತ್ತು ಜೊತೆಯವರು 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೂರನೇ ಹಂತದವರಿಗೆ ಆಪರೇಷನ್ ನಂತರ ಔಷಧಿ ಕೊಟ್ಟಾಗ ಸಾವಿನ ಪ್ರಮಾಣ ಮೂರನೇ ಒಂದು ಭಾಗದಷ್ಟು ಕಡಿಮೆಯಾಯಿತು. 2004ರಲ್ಲಿ ಬಂದ ‘ಮೊಸಾಯಿಕ್’ ಅಧ್ಯಯನದಲ್ಲಿ ಎರಡು ಮತ್ತು ಮೂರನೇ ಹಂತದ 2,246 ಜನ ಇದ್ದರು. ಹಳೇ ಔಷಧಿಗೆ ಆಕ್ಸಾಲಿಪ್ಲಾಟಿನ್ ಸೇರಿಸಿದಾಗ ಮೂರು ವರ್ಷ ರೋಗ ಮರಳದೆ ಇದ್ದವರು ಶೇ. 72.9ರಿಂದ 78.2ಕ್ಕೆ ಏರಿದರು.

ಎರಡನೇ ಹಂತದಲ್ಲಿ ಲಾಭ ಸಣ್ಣದು. 3,239 ಜನರ ಬ್ರಿಟನ್ನಿನ ‘ಕ್ವಾಸರ್’ ಅಧ್ಯಯನದಲ್ಲಿ (2007) ಹೆಚ್ಚಿನವರು ಈ ಹಂತದವರು. ಕಿಮೋದಿಂದ ಐದು ವರ್ಷದಲ್ಲಿ ಆದ ಲಾಭ ಶೇ. 3.6ರಷ್ಟು. ಅದಕ್ಕೇ ಎರಡನೇ ಹಂತದಲ್ಲಿ ಎಲ್ಲರಿಗೂ ಕಿಮೋ ಕೊಡಲ್ಲ. ಟಿ4, ಕಡಿಮೆ ಗ್ರಂಥಿ, ಕರುಳು ಕಟ್ಟಿದ್ದು, ಇಂಥ ಅಪಾಯ ಇರುವವರನ್ನು ಆರಿಸುತ್ತಾರೆ.

ಆಕ್ಸಾಲಿಪ್ಲಾಟಿನ್‌ಗೆ ಒಂದು ಬೆಲೆ ಇದೆ. ಕೈಕಾಲು ಜೋಮು ಹಿಡಿಯುತ್ತೆ, ತಣ್ಣಗಿನ ವಸ್ತು ಮುಟ್ಟಿದರೆ ಶಾಕ್ ಹೊಡೆದಂತಾಗುತ್ತೆ. ಅಂಗಡಿಯಲ್ಲಿ ಫ್ರಿಜ್‌ನಿಂದ ಹಾಲು, ಕೂಲ್‌ಡ್ರಿಂಕ್ಸ್ ತೆಗೆದುಕೊಡುವವರಿಗೆ ಇದು ದಿನನಿತ್ಯದ ಕಷ್ಟ. ಕೆಲವರಿಗೆ ಜೋಮು ವರ್ಷಗಟ್ಟಲೆ ಉಳಿಯುತ್ತೆ. 12,834 ಜನರ ಆರು ಅಧ್ಯಯನಗಳನ್ನು ಒಟ್ಟುಗೂಡಿಸಿದ ‘ಐಡಿಯಾ’ ಲೆಕ್ಕ 2018ರಲ್ಲಿ ಇದಕ್ಕೆ ಒಂದು ದಾರಿ ತೋರಿಸಿತು. ಟಿ1ರಿಂದ ಟಿ3, ಒಂದರಿಂದ ಮೂರು ಗ್ರಂಥಿ ಇರುವವರಿಗೆ, ಮಾತ್ರೆ ಸೇರಿದ ಒಂದು ಬಗೆಯ ಕಿಮೋ ಆರು ತಿಂಗಳ ಬದಲು ಮೂರೇ ತಿಂಗಳು ಕೊಟ್ಟರೂ ಫಲ ಹೆಚ್ಚುಕಡಿಮೆ ಅಷ್ಟೇ. ಮೇಲಿನ ಉದಾಹರಣೆಯ ಅಂಗಡಿಯವರು ಇದೇ ಗುಂಪಿಗೆ ಸೇರುತ್ತಾರೆ. ‘ಮೂರು ತಿಂಗಳು ಸಾಕಾಗುತ್ತಾ?’ ಅಂತ ಅವರು ಡಾಕ್ಟರನ್ನು ಕೇಳಬಹುದು.

ತಡ ಮಾಡುವುದೇ ದೊಡ್ಡ ನಷ್ಟ. ಕಿಮೋ ಸಾಮಾನ್ಯವಾಗಿ ಆಪರೇಷನ್ ಆದ ಆರರಿಂದ ಎಂಟು ವಾರದೊಳಗೆ ಶುರುವಾಗಬೇಕು. ಹಲವು ಅಧ್ಯಯನಗಳನ್ನು ಸೇರಿಸಿ 2011ರಲ್ಲಿ ಬಂದ ಲೆಕ್ಕದ ಪ್ರಕಾರ, ಪ್ರತಿ ನಾಲ್ಕು ವಾರದ ತಡಕ್ಕೆ ಸಾವಿನ ಅಪಾಯ ಸುಮಾರು ಶೇ. 14ರಷ್ಟು ಏರುತ್ತೆ. ಹಬ್ಬ ಮುಗೀಲಿ, ಮದುವೆ ಮುಗೀಲಿ, ಕೊಯ್ಲು ಆಗ್ಲಿ ಅಂತ ಮುಂದೂಡುವ ಮುಂಚೆ, ನಾಟಿ ಔಷಧಿ ನೋಡಿ ಆಮೇಲೆ ಹೋದರಾಯಿತು ಅನ್ನುವ ಮುಂಚೆ ಈ ಅಂಕೆ ನೆನಪಿರಲಿ.

ಮೊದಲ ಮೂರು ವರ್ಷ

ಮತ್ತೆ ಬರುವ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ. 80ರಷ್ಟು ಮೊದಲ ಮೂರು ವರ್ಷದಲ್ಲೇ ಬರುತ್ತವೆ. ಅಂದರೆ ಭವಿಷ್ಯದ ಲೆಕ್ಕ ಒಂದೇ ಸಲ ಬರೆದು ಮುಚ್ಚಿಡುವಂಥದ್ದಲ್ಲ. ಏನೂ ಆಗದೆ ಒಂದು ವರ್ಷ ಕಳೆದರೆ ಮುಂದಿನ ಲೆಕ್ಕ ಮೊದಲಿಗಿಂತ ಉತ್ತಮ, ಮೂರು ವರ್ಷ ಕಳೆದರೆ ಇನ್ನೂ ಉತ್ತಮ. ಆಪರೇಷನ್ ದಿನ 64 ಅಂತ ಕೇಳಿದವರು ಮೂರು ವರ್ಷ ಆದ ಮೇಲೂ ಅದೇ 64 ಹಿಡಿದುಕೊಂಡು ಕೊರಗಬೇಕಿಲ್ಲ. ಐದು ವರ್ಷ ದಾಟಿದವರಿಗೆ ಅದೇ ಕ್ಯಾನ್ಸರ್ ಮರಳುವುದು ಅಪರೂಪ.

ಈ ಅವಧಿಯಲ್ಲಿ ಸಾಮಾನ್ಯವಾಗಿ ಮಾಡುವ ಫಾಲೋಅಪ್ ಹೀಗಿದೆ. ಮೊದಲ ಎರಡು ವರ್ಷ 3ರಿಂದ 6 ತಿಂಗಳಿಗೊಮ್ಮೆ ಡಾಕ್ಟರ ಭೇಟಿ, ಸಿಇಎ ರಕ್ತಪರೀಕ್ಷೆ. ನಂತರ ಐದು ವರ್ಷದವರೆಗೆ 6 ತಿಂಗಳಿಗೊಮ್ಮೆ. ಎದೆ ಮತ್ತು ಹೊಟ್ಟೆಯ ಸಿಟಿ ಸ್ಕ್ಯಾನ್ 6ರಿಂದ 12 ತಿಂಗಳಿಗೊಮ್ಮೆ. ಕೊಲೊನೋಸ್ಕೋಪಿ ಒಂದು ವರ್ಷಕ್ಕೆ, ಚೆನ್ನಾಗಿದ್ದರೆ ಆಮೇಲೆ ಮೂರು ವರ್ಷಕ್ಕೆ, ನಂತರ ಐದು ವರ್ಷಕ್ಕೊಮ್ಮೆ. ಕರುಳು ಕಟ್ಟಿದ್ದರಿಂದ ಆಪರೇಷನ್ ಮೊದಲು ಪೂರ್ತಿ ಕೊಲೊನೋಸ್ಕೋಪಿ ಆಗದಿದ್ದರೆ, ಆದ 3ರಿಂದ 6 ತಿಂಗಳಲ್ಲೇ ಮಾಡಿಸಬೇಕು.

ಹೆದರಿಕೆಗೆ ತಿಂಗಳಿಗೊಂದು ಸ್ಕ್ಯಾನ್ ಮಾಡಿಸುವ ಅಗತ್ಯವೂ ಇಲ್ಲ. ಸ್ವೀಡನ್, ಡೆನ್ಮಾರ್ಕ್, ಉರುಗ್ವೆ ದೇಶಗಳ 2,509 ರೋಗಿಗಳ ಅಧ್ಯಯನ 2018ರಲ್ಲಿ ಬಂತು. ಮೂರು ವರ್ಷದಲ್ಲಿ ಐದು ಸಲ ಸ್ಕ್ಯಾನ್ ಮತ್ತು ಸಿಇಎ ಮಾಡಿಸಿದವರಿಗೂ ಎರಡೇ ಸಲ ಮಾಡಿಸಿದವರಿಗೂ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೇಳಿದ ದಿನಕ್ಕೆ ತಪ್ಪದೆ ಹೋಗುವುದು ಮುಖ್ಯ. ಮಧ್ಯದಲ್ಲಿ ತೂಕ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆನೋವು ಬಿಡದಿದ್ದರೆ ಮುಂದಿನ ತಾರೀಖಿಗೆ ಕಾಯಬಾರದು.

ಬೇಗ ಗೊತ್ತಾದರೆ ಏನು ಲಾಭ? ಲಿವರ್‌ನಲ್ಲಿ ಒಂದೆರಡು ಕಡೆ ಮಾತ್ರ ಮರಳಿದ್ದರೆ ಅದನ್ನೂ ಕತ್ತರಿಸಿ ತೆಗೆಯಬಹುದು. ನ್ಯೂಯಾರ್ಕ್‌ನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ 1985ರಿಂದ 1994ರವರೆಗೆ ಹೀಗೆ ಲಿವರ್ ಆಪರೇಷನ್ ಆದ 612 ಜನರಲ್ಲಿ 102 ಜನ ಹತ್ತು ವರ್ಷ ದಾಟಿದರು. ನಾಲ್ಕನೇ ಹಂತ ಅಂದ ಕೂಡಲೇ ಎಲ್ಲರ ಕಥೆ ಒಂದೇ ಅಲ್ಲ ಅನ್ನುವುದಕ್ಕೆ ಇದು ಸಾಕ್ಷಿ.

ಹೊಸ ಪರೀಕ್ಷೆಗಳು

ಕ್ಯಾನ್ಸರ್ ಕೋಶ ಎಲ್ಲಾದರೂ ಉಳಿದಿದ್ದರೆ ಅದರ ಡಿಎನ್‌ಎ ಚೂರುಗಳು ರಕ್ತದಲ್ಲಿ ಸಿಗಬಹುದು. ಇದನ್ನು ಹುಡುಕುವ ಪರೀಕ್ಷೆಯನ್ನು ಆಸ್ಟ್ರೇಲಿಯಾದಲ್ಲಿ ಎರಡನೇ ಹಂತದ 455 ಜನರ ಮೇಲೆ ನಡೆಸಿ 2022ರಲ್ಲಿ ಫಲ ಪ್ರಕಟಿಸಿದರು. ರಕ್ತಪರೀಕ್ಷೆ ನೋಡಿ ತೀರ್ಮಾನಿಸಿದ ಗುಂಪಿನಲ್ಲಿ ಶೇ. 15 ಜನಕ್ಕೆ ಮಾತ್ರ ಕಿಮೋ ಕೊಟ್ಟರು, ಮಾಮೂಲಿ ಗುಂಪಿನಲ್ಲಿ ಶೇ. 28 ಜನಕ್ಕೆ. ಎರಡು ವರ್ಷ ರೋಗ ಮರಳದೆ ಇದ್ದವರು ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ: 93.5 ಮತ್ತು 92.4. ಈ ಪರೀಕ್ಷೆ ದುಬಾರಿ, ಇನ್ನೂ ಎಲ್ಲ ಆಸ್ಪತ್ರೆಗಳ ದಿನನಿತ್ಯದ ಪರೀಕ್ಷೆಯಾಗಿಲ್ಲ.

ರಿಪೋರ್ಟ್‌ನ ಅಂಕೆ ತುಂಬಿಸಿದರೆ ಶೇಕಡಾ ತೋರಿಸುವ ಲೆಕ್ಕಯಂತ್ರಗಳೂ ಇಂಟರ್ನೆಟ್‌ನಲ್ಲಿವೆ. ಅವು ವಿದೇಶದ ರೋಗಿಗಳ ದಾಖಲೆಯಿಂದ ಮಾಡಿದವು, ಡಾಕ್ಟರಿಗೆ ಸಹಾಯಕ್ಕೆ ಇರುವಂಥವು. ರಾತ್ರಿ ಮೊಬೈಲ್‌ನಲ್ಲಿ ಒಬ್ಬರೇ ಕೂತು ಅಂಕೆ ಒತ್ತಿ ನೋಡಿದರೆ ನಿದ್ದೆ ಹೋಗುತ್ತೆ ಅಷ್ಟೇ.

ರೋಗಿಯ ಕೈಯಲ್ಲಿರುವುದು

ಹಂತ ಬದಲಿಸಲಿಕ್ಕೆ ಆಗಲ್ಲ. ಆದರೆ ನಡೆಯಬಹುದು. ಇದು ಸಮಾಧಾನದ ಮಾತಲ್ಲ. ಕೆನಡಾದವರ ಮುಂದಾಳತ್ವದ ‘ಚಾಲೆಂಜ್’ ಅಧ್ಯಯನ 2025ರಲ್ಲಿ ಬಂತು. ಕಿಮೋ ಮುಗಿಸಿದ 889 ಜನರಲ್ಲಿ ಅರ್ಧದಷ್ಟು ಜನಕ್ಕೆ ಮೂರು ವರ್ಷ ತರಬೇತಿದಾರರ ಸಹಾಯದಿಂದ ವ್ಯಾಯಾಮ ಮಾಡಿಸಿದರು, ಉಳಿದವರಿಗೆ ಆರೋಗ್ಯದ ಮಾಹಿತಿ ಪುಸ್ತಕ ಕೊಟ್ಟರು. ಎಂಟು ವರ್ಷದ ಹೊತ್ತಿಗೆ ವ್ಯಾಯಾಮದ ಗುಂಪಿನಲ್ಲಿ ಶೇ. 90.3 ಜನ ಬದುಕಿದ್ದರು, ಪುಸ್ತಕದ ಗುಂಪಿನಲ್ಲಿ ಶೇ. 83.2. ವ್ಯಾಯಾಮ ಅಂದರೆ ಜಿಮ್ ಅಲ್ಲ. ವಾರಕ್ಕೆ ಮೂರು ನಾಲ್ಕು ದಿನ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಚುರುಕಾಗಿ ನಡೆದರೆ ಹೆಚ್ಚುಕಡಿಮೆ ಅಷ್ಟಾಗುತ್ತೆ. ದಿನವಿಡೀ ಗಲ್ಲಾ ಮುಂದೆ ಕೂರುವವರು ಬೆಳಿಗ್ಗೆ ಅಂಗಡಿ ಬಾಗಿಲು ತೆರೆಯುವ ಮುಂಚೆ ಮಾಡಬಹುದಾದ ಕೆಲಸ. ಹೊಲಿಗೆ ಮಾಗಿದ ಮೇಲೆ, ಡಾಕ್ಟರನ್ನು ಕೇಳಿ ಶುರು ಮಾಡಬೇಕು. ಬೀಡಿ, ಸಿಗರೇಟು, ಕುಡಿತ ಬಿಡುವುದು ಹೇಗೂ ಇದ್ದದ್ದೇ.

ಆಸ್ಪಿರಿನ್ ಸುದ್ದಿ ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತೆ. ಗಡ್ಡೆಯಲ್ಲಿ ನಿರ್ದಿಷ್ಟ ಜೀನ್ ಬದಲಾವಣೆ ಇರುವವರಿಗೆ ಅದರಿಂದ ಲಾಭ ಅಂತ 2025ರಲ್ಲಿ ಉತ್ತರ ಯುರೋಪಿನ ಅಧ್ಯಯನ ತೋರಿಸಿದ್ದು ನಿಜ. ಅದು ಎಲ್ಲರಿಗೂ ಅಲ್ಲ. ರಕ್ತಸ್ರಾವದ ಅಪಾಯ ಇರುವುದರಿಂದ ಮೆಡಿಕಲ್ ಸ್ಟೋರ್‌ನಿಂದ ತಾವೇ ತಂದು ನುಂಗಬಾರದು.

ಮಕ್ಕಳಿಗೂ ಒಂದು ಮಾತು

ತಂದೆ, ತಾಯಿ, ಅಣ್ಣ-ತಮ್ಮ, ಅಕ್ಕ-ತಂಗಿಯರಲ್ಲಿ ಒಬ್ಬರಿಗೆ ಕರುಳಿನ ಕ್ಯಾನ್ಸರ್ ಬಂದಿದ್ದರೆ ಉಳಿದವರು 40 ವರ್ಷಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಮುಂಚೆಯೋ ಆಗ ಕೊಲೊನೋಸ್ಕೋಪಿ ಮಾಡಿಸಬೇಕು. 45ಕ್ಕೆ ಅಪ್ಪನಿಗೆ ಬಂದಿದ್ದರೆ ಮಗ, ಮಗಳು 35ಕ್ಕೇ ಮಾಡಿಸಬೇಕು. ಎಂಎಸ್‌ಐ ಪರೀಕ್ಷೆಯಲ್ಲಿ ದೋಷ ಸಿಕ್ಕಿದ್ದರೆ ಅದು ವಂಶದಲ್ಲಿ ಬರುವ ಲಿಂಚ್ ಸಿಂಡ್ರೋಮ್ ಇರಬಹುದಾ ಅಂತಲೂ ನೋಡಬೇಕಾಗುತ್ತೆ. ಆಗ ಪರೀಕ್ಷೆ ಇನ್ನೂ ಚಿಕ್ಕ ವಯಸ್ಸಿಗೇ ಶುರುವಾಗುತ್ತೆ.

ಖರ್ಚು ಮತ್ತು ಫೈಲ್

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷ ರೂ.ವರೆಗೆ ಸಿಗುತ್ತೆ. ಕಿಮೋ ಶುರುವಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರ್‌ನಲ್ಲಿ ವಿಚಾರಿಸುವುದು ಒಳ್ಳೆಯದು. ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಕಲಬುರಗಿಯಲ್ಲೂ ಅದರ ಕೇಂದ್ರ ಇದೆ.

ಒಂದು ಫೈಲ್‌ನಲ್ಲಿ ಇವಿಷ್ಟು ಇರಲಿ: ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ ರಿಪೋರ್ಟ್, ಎಂಎಸ್‌ಐ ರಿಪೋರ್ಟ್, ಆಪರೇಷನ್ ಮೊದಲಿನ ಮತ್ತು ನಂತರದ ಸಿಇಎ, ಎಲ್ಲ ಸ್ಕ್ಯಾನ್‌ಗಳು, ಕಿಮೋ ಚೀಟಿಗಳು. ಎಲ್ಲದರ ಫೋಟೋ ಮೊಬೈಲ್‌ನಲ್ಲೂ ಇರಲಿ. ಡಾಕ್ಟರನ್ನು ಕೇಳಬೇಕಾದ್ದು ಐದು ಪ್ರಶ್ನೆ: ಯಾವ ಹಂತ? ಎಷ್ಟು ಗ್ರಂಥಿ ನೋಡಿದ್ದೀರಿ? ಎಂಎಸ್‌ಐ ಆಗಿದೆಯಾ? ಕಿಮೋ ಬೇಕಾ, ಬೇಕಿದ್ದರೆ ಎಷ್ಟು ತಿಂಗಳು, ಅದರಿಂದ ನೂರಕ್ಕೆ ಎಷ್ಟು ಜನಕ್ಕೆ ಲಾಭ? ಮುಂದಿನ ಪರೀಕ್ಷೆ ಯಾವತ್ತು?

ರೋಗಿಗೆ ಹೇಳಬೇಕಾ?

ಬಹಳ ಮನೆಗಳಲ್ಲಿ ರಿಪೋರ್ಟ್ ರೋಗಿಗೆ ತೋರಿಸಲ್ಲ. ‘ಅಪ್ಪಂಗೆ ಗೊತ್ತಾದ್ರೆ ಕುಗ್ಗಿಬಿಡ್ತಾರೆ’ ಅನ್ನುವುದು ಪ್ರೀತಿಯ ಮಾತೇ. ಆದರೆ ಏನಾಗಿದೆ ಅಂತ ಗೊತ್ತಿಲ್ಲದವರು ವಾಂತಿ, ಜೋಮು ಸಹಿಸಿಕೊಂಡು ಕಿಮೋ ಪೂರ್ತಿ ಮಾಡುವುದು ಕಷ್ಟ. ಎರಡು ಡೋಸ್ ಆದ ಮೇಲೆ ‘ನಾನು ಹುಷಾರಾಗಿದ್ದೀನಲ್ಲ, ಯಾಕೆ ಬೇಕು’ ಅಂತ ಬಿಟ್ಟುಬಿಡುತ್ತಾರೆ. ಸಾಲ ಎಷ್ಟಿದೆ, ಅಂಗಡಿ ಯಾರು ನೋಡಿಕೊಳ್ಳಬೇಕು ಅಂತ ಹೇಳುವ ಅವಕಾಶವೂ ಅವರಿಗೆ ಸಿಗಲ್ಲ.

ಅಂಕೆ ಬೇಡ ಅನ್ನುವವರಿಗೆ ಅಂಕೆ ಹೇಳಬೇಕಿಲ್ಲ. ‘ಗಡ್ಡೆ ತೆಗೆದಿದ್ದಾರೆ, ಮತ್ತೆ ಬರದೇ ಇರಲಿ ಅಂತ ಮೂರು ತಿಂಗಳು ಔಷಧಿ ಇದೆ, ಮೂರು ವರ್ಷ ಜಾಗ್ರತೆ ಬೇಕು’ ಅಂದರೆ ಸಾಕು. ಅಷ್ಟು ಗೊತ್ತಿದ್ದವರು ತಾರೀಖು ಬಂದಾಗ ಬೆಳಗಿನ ಮೊದಲ ಬಸ್ಸಿಗೆ ತಾವೇ ಹೊರಡುತ್ತಾರೆ.